ಆಟಿಗೆ ಮನೆ ಬಿಡುವ ಕೋವಿ

ನನಗೆ ಸಿಟ್ಟು ಜಾಸ್ತಿ, ಮೊದಲೇ ಹೇಳಿಬಿಡ್ತೇನೆ. ಭಾಗಮಂಡಲದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಬೊಳ್ಳಪ್ಪನ ಹೆಂಡತಿ ದಮಯಂತಿ ಬಂದಳು ಅಂದರೆ ಮೀನು ಮಾರುವವನೂ ತಕ್ಕಡಿ ಸರಿಯಾಗಿ ಹಿಡೀತಾನೆ. ಮಳೆಗಾಲದಲ್ಲಂತೂ ನನ್ನ ಬಾಯಿಗೆ ಸಿಕ್ಕಿದವರ ಕಥೆ ಮುಗಿಯಿತು. ನಾನೇನು ಮಾಡಲಿ? ಜೂನಿನಲ್ಲಿ ಹಿಡಿದ ಮಳೆ ಬಿಡುವುದೇ ಇಲ್ಲ. ಒಗೆದ ಬಟ್ಟೆ ಒಲೆಯ ಮೇಲೆ ಹರವಿದರೂ ಒಣಗುವುದಿಲ್ಲ, ಹೊಗೆ ವಾಸನೆ ಹೊಡೀತದೆ. ಕರೆಂಟು ಹೋದರೆ ಯಾವಾಗ ಬರ್ತದೋ ಶಿವನಿಗೇ ಗೊತ್ತು. ಮಧ್ಯಾಹ್ನದಲ್ಲೇ ಮನೆಯೊಳಗೆ ಕತ್ತಲೆ. ಇಂಥದ್ದರಲ್ಲಿ ಹಲ್ಲು ಕಿಸಿದುಕೊಂಡು ಓಡಾಡಲಿಕ್ಕೆ ನನಗೆ ಬರುವುದಿಲ್ಲ.

ಹೋದ ವರ್ಷ ಜುಲೈಯಲ್ಲಿ, ಆಗಸ್ಟ್ ನಡುವಿನವರೆಗೆ ಹೋಗುವ ಆಟಿ ತಿಂಗಳು ಹುಟ್ಟಲಿಕ್ಕೆ ಇನ್ನೂ ಸ್ವಲ್ಪ ದಿನ ಇತ್ತು, ನನ್ನ ಸೊಸೆ ಪೂಜಿತಾ ಅಕ್ಕಿ ರೊಟ್ಟಿ ಬೇಯಿಸುತ್ತಾ ತಿರುಗಿ ಸಹ ನೋಡದೆ ಹೇಳಿದಳು, "ಅತ್ತೆ, ಈ ಸಲ ಆಟಿಗೆ ನಾನು ಅಮ್ಮನ ಮನೆಗೆ ಹೋಗ್ತೇನೆ. ಮೋಕ್ಷಿತಾಳನ್ನೂ ಕರ್ಕೊಂಡು ಹೋಗ್ತೇನೆ."

ನನಗೆ ನಗು ಬಂತು. ನಮ್ಮ ಅರೆಭಾಷೆ ಗೌಡರಲ್ಲಿ ಮದುವೆಯಾದ ಮೊದಲ ವರ್ಷ ಮದುಮಗಳು ಆಟಿ ಕೂರಲಿಕ್ಕೆ ತವರಿಗೆ ಹೋಗುವುದು ಪದ್ಧತಿ. ಮೊದಲ ವರ್ಷ ಮಾತ್ರ. ಆಗ ಇವಳನ್ನು ನಾನೇ ಗೋಣಿಕೊಪ್ಪಲಿನ ಬಸ್ಸಿಗೆ ಹತ್ತಿಸಿದ್ದೆ. ಈಗ ಇವಳ ಮಗಳು ಒಂದನೇ ಕ್ಲಾಸಿನಲ್ಲಿ ಓದುತ್ತಿದ್ದಾಳೆ.

"ಈಗ ಎಂಥ ಆಟಿ ಮಾರಾಯ್ತಿ? ಹೋಗಿ ಯಾವಾಗ ಬರ್ತಿ?"

"ಬರುವುದಿಲ್ಲ ಅತ್ತೆ. ಅಲ್ಲೇ ಒಂದು ಬಾಡಿಗೆ ಮನೆ ನೋಡಿದ್ದೇವೆ. ಮೋಕ್ಷಿತಾಳನ್ನು ಅಲ್ಲಿಯ ಶಾಲೆಗೆ ಹಾಕ್ತೇವೆ."

ನೋಡಿದ್ದೇವೆ! ಹಾಕ್ತೇವೆ! ನನ್ನ ಮಗ ತೀರ್ಥಪ್ರಸಾದನೂ ಇದರಲ್ಲಿ ಸೇರಿದ್ದಾನೆ ಅಂತ ಆಯ್ತಲ್ಲ. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ರೊಟ್ಟಿ ಕಾವಲಿಯಲ್ಲೇ ಕರಟಿತು, ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಸೊಸೆ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಮೋಕ್ಷಿತಾ? ಆ ಗೂಡೆ, ನನ್ನ ಪುಟ್ಟ ಹುಡುಗಿ, ಹುಟ್ಟಿದಾಗಿನಿಂದ ನನ್ನ ಮಡಿಲಿನಲ್ಲಿ ಬೆಳೆದವಳು. ಮಳೆಗಾಲ ಬಂದರೆ ನನ್ನ ಹತ್ತಿರವೇ ಮಲಗುವುದು. ನನ್ನ ಸೆರಗಿನ ತುದಿಯನ್ನು ತನ್ನ ಪುಟ್ಟ ಕೈಗೆ ಸುತ್ತಿ ಸುತ್ತಿ ಗಂಟು ಹಾಕಿಕೊಂಡೇ ನಿದ್ದೆ ಮಾಡ್ತಾಳೆ. ನಾನು ಒಂದು ಮಗ್ಗುಲು ಹೊರಳಿದರೂ ಕಣ್ಣು ಬಿಡ್ತಾಳೆ. ಅಜ್ಜಿ ಅಂದರೆ ಅಷ್ಟು ಜೀವ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಅವಳಿಲ್ಲದ ಮನೆಯಲ್ಲಿ ನಾನು ಮಳೆ ನೋಡುತ್ತಾ ಕೂರಬೇಕಾ? ಸಾಧ್ಯವೇ ಇಲ್ಲ ಅಂದುಕೊಂಡೆ.

ಆ ವಾರವೇ ಮಹಿಳಾ ಸಂಘದ ಮೀಟಿಂಗು. ಮಡಿಕೇರಿಯಿಂದ ಬಂದ ಒಬ್ಬ ಹುಡುಗಿ ಮನಸ್ಸಿನ ಆರೋಗ್ಯದ ಬಗ್ಗೆ ಮಾತಾಡಿದಳು. ಅರ್ಧಕ್ಕರ್ಧ ನಾನು ತೂಕಡಿಸಿಬಿಟ್ಟೆ. ಎಚ್ಚರವಾದಾಗ ಅವಳು ಹೇಳುತ್ತಿದ್ದಳು, ಕೆಲವರಿಗೆ ಮಳೆಗಾಲ ಬಂದರೆ ಸಾಕು, ಬೆಳಕು ಕಡಿಮೆಯಾಗಿ ಮನಸ್ಸು ಕುಗ್ಗಿಬಿಡ್ತದೆ, ಸುಮ್ಮಸುಮ್ಮನೆ ಅಳು ಬರ್ತದೆ, ಮನೆಯವರ ಜೊತೆ ಸರಿಹೋಗುವುದಿಲ್ಲ, ಯಾರೂ ಬೇಡ ಅನ್ನಿಸ್ತದೆ, ಬಿಸಿಲು ಬಂದ ಮೇಲೆ ತಾನಾಗಿಯೇ ಸರಿಯಾಗ್ತದೆ, ಮರುವರ್ಷ ಮತ್ತೆ ಬರ್ತದೆ ಅಂತ. ನಾನು ಎದ್ದು ಕೂತೆ. ಅಯ್ಯೋ, ಇದೇ ಅಲ್ವಾ ನಮ್ಮ ಪೂಜಿತಾಳಿಗೆ ಆಗಿರುವುದು! ಅಡಿಗೆ ಮನೆಯಲ್ಲಿ ಅಳುವುದು, ನಾನು ಒಳಗೆ ಹೋದರೆ ಅವಳು ಹೊರಗೆ ಹೋಗುವುದು, ಈಗ ಊರು ಬಿಟ್ಟು ಹೋಗುವ ಮಾತು. ಸುತ್ತ ನೋಡಿದರೆ ಸಂಘದ ಹೆಂಗಸರೆಲ್ಲ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ನೋಡಿ, ನನ್ನ ಸೊಸೆಯ ವಿಷಯ ಇವರಿಗೆಲ್ಲ ಆಗಲೇ ಗೊತ್ತಾಗಿದೆ, ನನಗೊಬ್ಬಳಿಗೆ ಹೊಳೆದಿರಲಿಲ್ಲ ಅಂತ ನಾಚಿಕೆಯಾಯಿತು.

ಮನೆಗೆ ಬಂದವಳೇ ಹೇಳಿದೆ, "ಪೂಜಿತಾ, ನಿನಗೆ ಕಾಯಿಲೆ ಉಂಟು. ಮಡಿಕೇರಿಯಲ್ಲಿ ಮನಸ್ಸಿನ ಡಾಕ್ಟ್ರು ಇದ್ದಾರಂತೆ. ತೋರಿಸುವ. ಸರಿಯಾದ ಮೇಲೂ ನಿನಗೆ ಹೋಗಬೇಕು ಅನ್ನಿಸಿದರೆ ಹೋಗು, ನಾನು ಒಂದು ಮಾತು ಆಡುವುದಿಲ್ಲ."

ಅವಳು ನನ್ನನ್ನು ತುಂಬ ಹೊತ್ತು ನೋಡಿದಳು. ಆಮೇಲೆ, "ಸರಿ ಅತ್ತೆ, ಹೋಗುವ. ನೀವೂ ಒಳಗೆ ಬರಬೇಕು, ಆಯ್ತಾ?" ಅಂದಳು.

"ನಾನು ಬರದೆ? ನಿನ್ನ ಬಾಯಿಂದ ಮಾತು ಹೊರಡಿಸುವುದು ಯಾರು ಮತ್ತೆ?"

ಹೋಗುವ ಹಿಂದಿನ ದಿನ ಮನೆಯಲ್ಲಿ ಇನ್ನೊಂದು ಗಲಾಟೆ. ಕಾಡುಹಂದಿ ಬಂದು ಗದ್ದೆಯ ಏರಿಯನ್ನೆಲ್ಲ ಗೋರಿಹಾಕಿತ್ತು. ತೀರ್ಥಪ್ರಸಾದ ಹೇಳಿದ, "ಅವ್ವ, ಈ ಸಲ ಕೋವಿ ಇಲ್ಲೇ ಇರಲಿ. ಗಾಳಿಗೊಂದು ಗುಂಡು ಹೊಡೆದು ಹೆದರಿಸಲಿಕ್ಕಾದರೂ ಆಗ್ತದೆ."

"ಬಾಯಿ ಮುಚ್ಚು. ಆಟಿಯಲ್ಲಿ ಕೋವಿ ನಮ್ಮ ಹೊಸ್ತಿಲೊಳಗೆ ಇರಬಾರದು. ಹಿರಿಯರ ಕಟ್ಟು ಮುರಿಯುವಷ್ಟು ದೊಡ್ಡವನಾದೆಯಾ ನೀನು?"

ನಮ್ಮ ಕಡೆ ಕೋವಿ ಇಲ್ಲದ ಮನೆ ಕಡಿಮೆ. ನಾಟಿಯ ಕಾಲದಲ್ಲಿ ಅದನ್ನು ದೇವರ ಕೋಣೆಯಲ್ಲಿ ಇಟ್ಟುಬಿಡ್ತಾರೆ, ಯಾರೂ ಮುಟ್ಟುವುದಿಲ್ಲ. ಮತ್ತೆ ತೆಗೆಯುವುದು ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ, ತೊಳೆದು ಹೂ ಇಟ್ಟು ಪೂಜೆ ಮಾಡಿ. ನಮ್ಮ ಮನೆಯ ಕಟ್ಟು ಇನ್ನೂ ಬಿಗಿ. ನಮ್ಮಲ್ಲಿ ಕೋವಿ ಮನೆಯನ್ನೇ ಬಿಡಬೇಕು. ಮಳೆ ಜೋರಾದ ಕೂಡಲೇ ನಮ್ಮವರು, ನನ್ನ ಗಂಡ, ಅದನ್ನು ಹಳೆ ಕಂಬಳಿಯಲ್ಲಿ ಸುತ್ತಿ ಚೇರಂಬಾಣೆಯಲ್ಲಿರುವ ಅವರ ತಮ್ಮ ಮೊಣ್ಣಪ್ಪನ ಮನೆಗೆ ಮುಟ್ಟಿಸಿ ಬರ್ತಾರೆ. ಹಬ್ಬಕ್ಕೇ ವಾಪಸು ಬರುವುದು. ನಾನು ಮದುವೆಯಾಗಿ ಬಂದಾಗ ಈ ಕಟ್ಟು ನಡೆಯುತ್ತಿರಲಿಲ್ಲ. ನಡುವೆ ಬಿಟ್ಟುಹೋಗಿತ್ತಂತೆ. ಗುಡ್ಡ ಜರಿದ ವರ್ಷ, ಅಷ್ಟೆಲ್ಲ ಅನಾಹುತ ಆಯ್ತಲ್ಲ, ಆಗ ನಮ್ಮವರಿಗೆ ಅವರ ಅಪ್ಪ ಹೇಳಿದ್ದು ನೆನಪಾಗಿ ಮತ್ತೆ ಶುರುಮಾಡಿದರು. ಅಂದಿನಿಂದ ನಾನು ಒಂದು ವರ್ಷವೂ ತಪ್ಪಲಿಕ್ಕೆ ಬಿಟ್ಟವಳಲ್ಲ. ಅವರು ಮರೆತರೂ ನಾನೇ ನೆನಪು ಮಾಡ್ತಿದ್ದೆ. ಈ ಸಲವೂ ನಾನೇ ಕಂಬಳಿ ತೆಗೆದುಕೊಟ್ಟು, ನನ್ನೆದುರಿಗೇ ಜೀಪಿಗೆ ಹಾಕಿಸಿ ಕಳಿಸಿದೆ.

ಮರುದಿನ ಬೆಳಿಗ್ಗೆ ಮೋಕ್ಷಿತಾಳನ್ನು ಶಾಲೆಗೆ ಬಿಟ್ಟು ಮಡಿಕೇರಿಗೆ ಹೊರಟೆವು. ಜೀಪು ಓಡಿಸುವವನು ಮಗ. ಹಿಂದೆ ನಾನು, ಪೂಜಿತಾ. ನಮ್ಮವರೂ ಹತ್ತಿ ಕೂತರು. "ನಿಮಗೆಂತ ಕೆಲಸ ಅಲ್ಲಿ?" ಅಂತ ಕೇಳಿದರೆ ಕೊಡೆ ಮಡಚಿ ಕಾಲ ಬುಡದಲ್ಲಿ ಇಟ್ಟುಕೊಂಡರು. ಮಳೆಗಾಲದಲ್ಲಿ ನಾನು ಎಲ್ಲಿಗೆ ಹೋದರೂ ಹಿಂದೆಯೇ ಬರುವ ಚಾಳಿ ಆ ಮನುಷ್ಯನಿಗೆ. ತೋಡಿನ ನೀರಿನ ಹತ್ತಿರ ಹೋದರೂ ಬರ್ತಾರೆ, ಕೊಟ್ಟಿಗೆಗೆ ಹೋದರೂ ಬರ್ತಾರೆ. ವಯಸ್ಸಾದ ಮೇಲೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿದೆ ಅಂತ ಸಂಘದಲ್ಲಿ ನಗಾಡ್ತಾರೆ.

ಡಾಕ್ಟ್ರ ಹೆಸರು ಶೋಭಿತಾ, ಹುದಿಕೇರಿ ಕಡೆಯವರಂತೆ. ಸಣ್ಣ ಪ್ರಾಯ. ತೀರ್ಥ ಜೀಪಿನ ಹತ್ತಿರ ನಿಂತ, ನಾವು ಮೂವರೂ ಒಳಗೆ ಹೋದೆವು.

"ಯಾರಿಗೆ ತೊಂದರೆ?" ಅಂತ ಕೇಳಿದರು.

"ಇವಳಿಗೆ," ಅಂದೆ. "ಮಳೆ ಬಂದರೆ ಇವಳ ಮನಸ್ಸು ನೆಟ್ಟಗಿರುವುದಿಲ್ಲ ಡಾಕ್ಟ್ರಮ್ಮ. ಅಳ್ತಾಳೆ. ಮಾತಾಡುವುದಿಲ್ಲ. ಈಗ ಮನೆ ಬಿಟ್ಟು ಹೋಗ್ತೇನೆ ಅಂತ ಹಟ."

"ಪೂಜಿತಾ, ನೀವು ಹೇಳಿ. ನಿದ್ದೆ ಹೇಗೆ ಬರ್ತದೆ?"

"ಅವಳು ಹೇಳುವುದಿಲ್ಲ, ನಾನೇ ಹೇಳ್ತೇನೆ," ಅಂತ ನಾನು ಬಾಯಿ ಹಾಕಿದೆ. "ನಿದ್ದೆಗೇನೂ ತೊಂದರೆ ಇಲ್ಲ. ನಾನು ಏಳುವ ಹೊತ್ತಿಗೆ ಅವಳ ತಿಂಡಿ ಕೆಲಸ, ದನದ ಕೆಲಸ ಎಲ್ಲ ಮುಗಿದಿರ್ತದೆ."

"ನೀವು ಏಳುವುದು ಎಷ್ಟು ಹೊತ್ತಿಗೆ ಅಮ್ಮಾ?"

"ಮಳೆಗಾಲದಲ್ಲಾ? ಎದ್ದು ಮಾಡುವುದೆಂತ ಹೇಳಿ. ಹತ್ತೋ ಹನ್ನೊಂದೋ ಆಗ್ತದೆ. ಮೈಯೆಲ್ಲ ಭಾರ, ಕೈಕಾಲು ಎತ್ತಿಡಲಿಕ್ಕೆ ಆಗುವುದಿಲ್ಲ. ಊಟ ಮಾಡಿ ಮತ್ತೆ ಒಂಚೂರು ಅಡ್ಡ ಆಗ್ತೇನೆ."

"ಬೇಸಿಗೆಯಲ್ಲಿ?"

"ಬೇಸಿಗೆಯಲ್ಲಿ ಯಾರು ಮಲಗ್ತಾರೆ! ಕೋಳಿಯನ್ನು ನಾನೇ ಎಬ್ಬಿಸಬೇಕು. ಕರಿಮೆಣಸು ಕೊಯ್ಯುವಾಗ ಏಣಿ ಹತ್ತುವ ಗಂಡಸರಿಗೂ ನಾನೇ ಜೋರು ಮಾಡುವುದು."

"ಊಟ?"

"ಇವಳು ಗುಬ್ಬಿಯ ಹಾಗೆ ತಿಂತಾಳೆ. ನನಗೆ ಮಾತ್ರ ಮಳೆ ಬಂದರೆ ಹೊಟ್ಟೆ ತುಂಬಿತು ಅಂತಲೇ ಇಲ್ಲ. ಅನ್ನ ತಿಂದು ಕೈ ತೊಳೆದು ಬೆಲ್ಲದ ಡಬ್ಬಕ್ಕೆ ಕೈ ಹಾಕ್ತೇನೆ. ಹಲಸಿನ ಹಪ್ಪಳ ಇಟ್ಟರೆ ಉಳಿಯುವುದಿಲ್ಲ."

"ಸಂಘ, ನೆಂಟರ ಮನೆ, ತೋಟ? ಆಸಕ್ತಿ ಇರ್ತದಾ?"

"ಥೂ, ಯಾರಿಗೆ ಬೇಕು? ಯಾರ ಮುಖವೂ ನೋಡುವುದು ಬೇಡ ಅನ್ನಿಸ್ತದೆ. ಆ ಮೊಮ್ಮಗಳು ಒಬ್ಬಳು ಇಲ್ಲದಿದ್ದರೆ..."

ಅಷ್ಟು ಹೇಳಿ ನಿಲ್ಲಿಸಿದೆ. ಯಾಕೆಂದರೆ ಡಾಕ್ಟ್ರು ಪೂಜಿತಾಳ ಕಡೆ ನೋಡುತ್ತಲೇ ಇರಲಿಲ್ಲ. ಅವರ ಕುರ್ಚಿ ಪೂರ್ತಿ ನನ್ನ ಕಡೆ ತಿರುಗಿತ್ತು. ಎಷ್ಟು ಹೊತ್ತಿಗೆ ತಿರುಗಿತೋ ನನಗೆ ಗೊತ್ತೇ ಆಗಿರಲಿಲ್ಲ.

"ನೀವೇನು ಹೇಳ್ತೀರಿ ಪೂಜಿತಾ?" ಅಂತ ಅವರು ಮೆಲ್ಲಗೆ ಕೇಳಿದರು.

"ನನಗೆ ಕಾಯಿಲೆ ಇಲ್ಲ ಡಾಕ್ಟ್ರೇ. ನನಗೆ ಹೆದರಿಕೆ ಅಷ್ಟೆ," ಅಂದಳು ನನ್ನ ಸೊಸೆ. "ಕಾಯಿಲೆ ಇರುವುದು ಅತ್ತೆಗೆ. ನೇರವಾಗಿ ಹೇಳಿದ್ದರೆ ಇಲ್ಲಿಗೆ ಬರ್ತಾ ಇರಲಿಲ್ಲ. ಅದಕ್ಕೆ ಸುಮ್ಮನೆ ಬಂದೆ."

ಶಿವನೇ! ಕೆನ್ನೆಗೆ ಹೊಡೆದ ಹಾಗಾಯ್ತು. ನನಗಾ? ನನಗೆ ಹುಚ್ಚಾ? ಗಟ್ಟಿಮುಟ್ಟಾಗಿ ಮನೆ ನಡೆಸಿದವಳಿಗೆ, ಅತ್ತೆ ಮಾವನನ್ನು ಕೊನೆಯವರೆಗೆ ನೋಡಿಕೊಂಡವಳಿಗೆ ಇವತ್ತು ಬಂದ ಗೂಡೆ ಹುಚ್ಚಿನ ಪಟ್ಟ ಕಟ್ಟುವುದಾ? ಚಪ್ಪಲಿ ಮೆಟ್ಟಿಕೊಂಡು ಎದ್ದೆ. "ನಡೀರಿ ಹೋಗುವ," ಅಂತ ನಮ್ಮವರಿಗೆ ಹೇಳಿದೆ.

ನಮ್ಮವರು ಎದ್ದೇಳಲಿಲ್ಲ. ಕೈ ಚಾಚಿ ನನ್ನ ಕೈ ಹಿಡಿದರು. ಮದುವೆಯ ದಿನ ಬಿಟ್ಟರೆ ನಾಲ್ಕು ಜನರ ಎದುರಿಗೆ ಆ ಮನುಷ್ಯ ನನ್ನ ಕೈ ಹಿಡಿದವರಲ್ಲ. "ಕೂತ್ಕೊ ದಮಯಂತಿ," ಅಂದರು. ನಾನು ಕೂತೆ.

ಡಾಕ್ಟ್ರು ಕೇಳಿದರು, "ಮನೆಯಲ್ಲಿ ಕೋವಿ ಉಂಟಾ?"

ಇದೆಂಥ ಪ್ರಶ್ನೆ ಅನ್ನಿಸಿತು. ಆದರೂ ಈ ವಿಷಯದಲ್ಲಿ ನಮ್ಮ ಮನೆಯ ಮೇಲೆ ಯಾರೂ ಬೆರಳು ತೋರಿಸುವ ಹಾಗಿಲ್ಲ. "ಉಂಟು. ಆದರೆ ಈಗ ಇಲ್ಲ. ಆಟಿಯಲ್ಲಿ ನಮ್ಮ ಮನೆಯೊಳಗೆ ಕೋವಿ ಇಡುವ ಹಾಗಿಲ್ಲ. ಮೊಣ್ಣಪ್ಪನ ಮನೆಗೆ ಕಳಿಸಿಬಿಡ್ತೇವೆ. ನಮ್ಮ ಹಿರಿಯರ ಕಟ್ಟು ಅದು," ಅಂದೆ.

"ಹೌದಾ?" ಡಾಕ್ಟ್ರಿಗೆ ಆಶ್ಚರ್ಯ. "ನಾನೂ ಕೊಡಗಿನವಳೇ ಅಮ್ಮಾ. ನಮ್ಮಲ್ಲೆಲ್ಲ ದೇವರ ಕೋಣೆಯಲ್ಲಿ ಇಡುವುದು. ಮನೆಯಿಂದಲೇ ಹೊರಗೆ ಕಳಿಸುವ ಕಟ್ಟು ನಾನು ಕೇಳಿಲ್ಲ."

"ನಿಮ್ಮಲ್ಲಿ ಇರಲಿಕ್ಕಿಲ್ಲ. ನಮ್ಮಲ್ಲಿ ಉಂಟು. ಕೇಳಿ ಬೇಕಾದರೆ ಇವರನ್ನು."

ನಮ್ಮವರು ತಲೆ ತಗ್ಗಿಸಿದ್ದರು. ನಾನು ಭುಜ ಅಲ್ಲಾಡಿಸಿದೆ. "ಹೇಳಿ ಮತ್ತೆ. ನಿಮ್ಮಪ್ಪ ಹೇಳಿದ್ದಲ್ವಾ?"

"ಅಂಥ ಕಟ್ಟು ಯಾವುದೂ ಇಲ್ಲ," ಅಂದರು ಅವರು. "ಅಪ್ಪ ಹೇಳಿದ್ದೂ ಇಲ್ಲ. ನಾನೇ ಹುಟ್ಟಿಸಿದ್ದು."

ಪೂಜಿತಾ ತಿರುಗಿ ನೋಡಿದಳು. ಅವಳಿಗೂ ಗೊತ್ತಿಲ್ಲದ ಸಂಗತಿ ಅಂತ ಅವಳ ಮುಖ ನೋಡಿಯೇ ನನಗೆ ತಿಳಿಯಿತು.

"ಗುಡ್ಡ ಜರಿದ ವರ್ಷ," ಅಂತ ಅವರು ಡಾಕ್ಟ್ರಿಗೇ ಹೇಳುತ್ತಾ ಹೋದರು, ನನ್ನ ಕಡೆ ನೋಡದೆ. "ನಾನು ಗದ್ದೆಯಿಂದ ಬಂದೆ. ಇವಳು ದೇವರ ಕೋಣೆಯ ಬಾಗಿಲಲ್ಲಿ ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಕೋವಿ. ಎಂತ ಮಾಡ್ತಾ ಇದ್ದಿ ಅಂತ ಕೇಳಿದೆ. ಮಳೆಗೆ ತುಕ್ಕು ಹಿಡಿದಿದೆ, ಎಣ್ಣೆ ಹಚ್ತಾ ಇದ್ದೇನೆ ಅಂದಳು."

"ಹೌದು ಮತ್ತೆ!" ನಾನು ಕೂಗಿಯೇಬಿಟ್ಟೆ. "ಎಣ್ಣೆ ಹಚ್ತಾ ಇದ್ದೆ. ನನಗೆ ಚೆನ್ನಾಗಿ ನೆನಪುಂಟು. ಅದರಲ್ಲಿ ತಪ್ಪೆಂತ ಉಂಟು?"

ಅವರು ಈಗ ನನ್ನ ಕಡೆ ತಿರುಗಿದರು. "ಎಣ್ಣೆ ಬಾಟಲಿ ಇರಲಿಲ್ಲ, ದಮಯಂತಿ. ಒರೆಸುವ ಬಟ್ಟೆಯೂ ಇರಲಿಲ್ಲ."

ಕಿಟಕಿಯ ಹೊರಗೆ ಮಳೆ ಸುರಿಯುತ್ತಲೇ ಇತ್ತು. ನಾನು ಆ ಬಾಟಲಿಯನ್ನು ಹುಡುಕುತ್ತಿದ್ದೆ. ಕಣ್ಣು ಮುಚ್ಚಿ, ಆ ದಿನದ ಬಾಗಿಲು, ಆ ಹಲಗೆ, ನನ್ನ ಕಾಲ ಬುಡ, ಎಲ್ಲ ಕಡೆ ಹುಡುಕಿದೆ. ತೆಂಗಿನೆಣ್ಣೆಯ ಬಾಟಲಿ ಅಡಿಗೆ ಮನೆಯ ಗೂಡಿನಲ್ಲಿತ್ತು. ಅಲ್ಲಿಂದ ನಾನು ಅದನ್ನು ತಂದ ನೆನಪು ಇಲ್ಲ. ಕೋವಿಯ ನಳಿಗೆ ತಣ್ಣಗಿದ್ದದ್ದು ನೆನಪಿತ್ತು. ಇನ್ನೊಂದೂ ನೆನಪಾಯಿತು. ಎಲ್ಲೋ ಯಾರದೋ ಮನೆಯ ಮೇಲೆ ಜರಿದ ಗುಡ್ಡ ನನ್ನ ಮೇಲೆ ಜರಿಯಬಾರದಿತ್ತಾ, ನಾಳೆ ಬೆಳಿಗ್ಗೆ ಏಳುವ ಕೆಲಸವೇ ಇರ್ತಿರಲಿಲ್ಲ ಅಂತ ನಾನು ಆವತ್ತು ಅಂದುಕೊಂಡದ್ದು. ಅಷ್ಟನ್ನೂ ನಾನು ಹೇಗೆ ಮರೆತೆ? ಇಷ್ಟು ವರ್ಷ ಎಣ್ಣೆ, ಎಣ್ಣೆ ಅಂತ ನನಗೆ ನಾನೇ ಹೇಳಿಕೊಂಡು ಬಂದದ್ದಾ? ನನ್ನ ಗಂಟಲಿನಿಂದ ಒಂದು ಸ್ವರ ಹೊರಟಿತು, ಅದು ನನ್ನದೇ ಅಂತ ಗೊತ್ತಾಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಪೂಜಿತಾ ಎದ್ದು ಬಂದು ನನ್ನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು.

ಡಾಕ್ಟ್ರು ಅವಸರ ಮಾಡಲಿಲ್ಲ. ಆಮೇಲೆ ಹೇಳಿದರು, "ಅಮ್ಮಾ, ಇದು ಹುಚ್ಚಲ್ಲ. ನಿಮ್ಮ ಗುಣವೂ ಅಲ್ಲ. ಪ್ರತಿ ವರ್ಷ ಒಂದೇ ಕಾಲಕ್ಕೆ ಬಂದು ಹೋಗುವ ಕಾಯಿಲೆ. ಅತಿಯಾದ ನಿದ್ದೆ, ಅತಿಯಾದ ಹಸಿವು, ಮೈ ಭಾರ, ಸಿಟ್ಟು, ಎಲ್ಲ ಅದರದ್ದೇ. ಮದ್ದು ಉಂಟು."

"ಸಿಟ್ಟೂನಾ?" ಅಂತ ಕೇಳಿದೆ. ಸಿಟ್ಟು ನನ್ನ ಸ್ವಂತದ್ದು ಅಂತ ತಿಳಿದಿದ್ದೆ.

"ಮಳೆಗಾಲದ ಹೆಚ್ಚಿನ ಪಾಲು ಅದರದ್ದು. ಬೇಸಿಗೆಯದ್ದು ನಿಮ್ಮದೇ ಇರಬಹುದು," ಅಂದರು ಡಾಕ್ಟ್ರು. ನಮ್ಮವರು ಅಂಥ ಹೊತ್ತಿನಲ್ಲೂ ಸಣ್ಣಗೆ ನಕ್ಕರು.

ಮಾತ್ರೆ ಬರೆದುಕೊಟ್ಟರು. ಕೂಡಲೇ ಗೊತ್ತಾಗುವುದಿಲ್ಲ, ಕೆಲವು ವಾರ ಬೇಕು, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ ಅಂದರು. ದಿನಾ ಒಂದೇ ಹೊತ್ತಿಗೆ ಏಳಬೇಕು. ಮೋಡ ಇದ್ದರೂ ಸರಿ, ಬೆಳಿಗ್ಗೆ ಎದ್ದ ಕೂಡಲೇ ಹೊರಗಿನ ಬೆಳಕಿಗೆ ಹೋಗಿ ಕೂರಬೇಕು, ಒಂಚೂರು ನಡೀಬೇಕು. ಹಗಲು ಮಲಗಬಾರದು. ಬರುವ ವರ್ಷ ಮಳೆ ಹಿಡಿಯುವ ಮೊದಲೇ ಬಂದು ಕಾಣಬೇಕು. "ಸಾಯಬೇಕು ಅನ್ನಿಸಿದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ಆ ಹೊತ್ತಿಗೇ, ಯಾರಿಗಾದರೂ. ಹೇಳ್ತೀರಾ?" ಅಂತ ನನ್ನ ಕಣ್ಣನ್ನೇ ನೋಡಿ ಕೇಳಿದರು. ಹ್ಞೂಂ ಅಂದೆ.

ಜೀಪು ಹತ್ತಿ ವಾಪಸು ಹೊರಟೆವು. ಚೇರಂಬಾಣೆ ದಾಟುವಾಗ ಮೊಣ್ಣಪ್ಪನ ಮನೆಯ ಗೇಟು ಕಂಡಿತು. ನನಗೆ ತಡೆಯಲಿಕ್ಕೆ ಆಗಲಿಲ್ಲ. "ಇಷ್ಟು ವರ್ಷ ನನ್ನ ಹತ್ತಿರ ಯಾಕೆ ಹೇಳಲಿಲ್ಲ ನೀವು?" ಅಂತ ಕೇಳಿದೆ.

"ಹೇಳಿದ್ದರೆ ನೀನು ಬೈತಿದ್ದಿ. ಹಟಕ್ಕೆ ಬಿದ್ದು ಕೋವಿಯನ್ನು ಮನೆಯಲ್ಲೇ ಇಡಿಸ್ತಿದ್ದಿ," ಅಂದರು. "ಕಟ್ಟು ಅಂದರೆ ನೀನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ತಿ ಅಂತ ನನಗೆ ಗೊತ್ತಿತ್ತು."

ಎಷ್ಟು ಚೆನ್ನಾಗಿ ಓದಿಕೊಂಡಿದ್ದರು ನನ್ನನ್ನು, ಆ ಬಾಯಿ ಸತ್ತ ಮನುಷ್ಯ! ಬೈಯಬೇಕು ಅಂತ ಬಾಯಿ ತೆರೆದೆ. ಅಳು ಬಂತು.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಪೂಜಿತಾ ಬ್ಯಾಗು ತುಂಬುವುದನ್ನು ನಿಲ್ಲಿಸಿರಲಿಲ್ಲ. ಮೋಕ್ಷಿತಾಳ ಬಟ್ಟೆ, ಪುಸ್ತಕ ಒಂದೊಂದೇ ಒಳಗೆ ಹೋಗುತ್ತಿತ್ತು. ನಾನು ಕಾಯಿಲೆ ಅಂತ ಒಪ್ಪಿದ್ದೇನೆ, ಮಾತ್ರೆ ನುಂಗ್ತಾ ಇದ್ದೇನೆ, ಇನ್ನೂ ಎಂತ ಬೇಕು ಇವಳಿಗೆ? ಕೇಳಿದರೆ, "ನಿಮ್ಮ ಮೇಲೆ ಸಿಟ್ಟಲ್ಲ ಅತ್ತೆ," ಅಂತ ಹೇಳಿ ಇನ್ನೊಂದು ಪುಸ್ತಕ ಬ್ಯಾಗಿಗೆ ಹಾಕಿದಳು.

ಆ ಭಾನುವಾರ ಮಧ್ಯಾಹ್ನ ಊಟ ಮಾಡಿದ ಮೇಲೆ ನನಗೆ ಎಂದಿನಂತೆ ಕಣ್ಣು ಎಳೆಯಿತು. ಡಾಕ್ಟ್ರು ಬೇಡ ಅಂದಿದ್ದರು. ಆದರೂ ಸೋತು ಚಾಪೆಯ ಮೇಲೆ ಒರಗಿದೆ. ಮೋಕ್ಷಿತಾ ಆಟ ಬಿಟ್ಟು ಓಡಿ ಬಂದಳು. ನನ್ನ ಸೆರಗು ತೆಗೆದುಕೊಂಡು ಕೈಗೆ ಸುತ್ತಿದಳು, ಗಂಟು ಹಾಕಿದಳು, ಪಕ್ಕದಲ್ಲಿ ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ. ಮಲಗಬಾರದು ಅಂದಿದ್ದಾರಲ್ಲ, ಎದ್ದು ಜಗಲಿಯ ಬೆಳಕಿನಲ್ಲಿ ಕೂರುವ ಅಂತ ಮೆಲ್ಲಗೆ ಎದ್ದು, ಮಗುವಿನ ಕೈಯಿಂದ ಸೆರಗಿನ ಗಂಟು ಬಿಚ್ಚಿದೆ.

ಬಿಚ್ಚಿದ್ದೇ ತಡ, ಅವಳು ಕಣ್ಣು ಮುಚ್ಚಿಕೊಂಡೇ ಎದ್ದು ಕೂತು ಕಿರಿಚಿದಳು, "ಅಜ್ಜಾ! ಅಜ್ಜಾ, ಅಜ್ಜಿ ಎದ್ದಳು!"

ಹಿತ್ತಲಿನಿಂದ ನಮ್ಮವರು ಓಡಿ ಬಂದರು. ಕೈಯೆಲ್ಲ ಕೆಸರು. ಬಾಗಿಲಲ್ಲಿ ನನ್ನನ್ನು ನೋಡಿ ಕಂಬ ಹಿಡಿದು ನಿಂತರು, ಎದೆ ಏರಿ ಇಳಿಯುತ್ತಿತ್ತು.

ನಾನು ಮಗುವಿನ ಹತ್ತಿರ ಬಗ್ಗಿದೆ. "ಯಾರು ಹೇಳಿದ್ದು ಮಗಾ, ಹೀಗೆ ಕೂಗಲಿಕ್ಕೆ?"

"ಅಜ್ಜ. ಅಜ್ಜಿ ಎದ್ದು ಹೋದರೆ ಜೋರಾಗಿ ಕರಿ ಅಂದಿದ್ದಾರೆ." ಕಣ್ಣುಜ್ಜಿಕೊಂಡು ಹೆಮ್ಮೆಯಿಂದ ಹೇಳಿದಳು. "ನಾನು ಯಾವತ್ತೂ ಪೂರ್ತಿ ನಿದ್ದೆ ಮಾಡುವುದಿಲ್ಲ ಅಜ್ಜಿ. ಶಾಲೆಯಲ್ಲಿ ಮಾಡ್ತೇನೆ."

ಪ್ರೀತಿ ಅಂತ ತಿಳಿದಿದ್ದೆನಲ್ಲಾ! ಊರಿಗೆಲ್ಲ ಹೇಳಿಕೊಂಡು ಬಂದಿದ್ದೆನಲ್ಲಾ! ಪ್ರೀತಿ ಇಲ್ಲ ಅಂತಲ್ಲ. ಆದರೆ ಹಾಲು ಹಲ್ಲು ಬಿದ್ದಿರದ ಮಗು ನನ್ನ ಜೀವಕ್ಕೆ ಕಾವಲು ಕೂತಿತ್ತು. ಕೋವಿಯ ಮಾತು ಕೇಳಿದಾಗಲೂ ನನಗೆ ಇಷ್ಟು ಆಘಾತ ಆಗಿರಲಿಲ್ಲ. ಅಡಿಗೆ ಮನೆಯ ಬಾಗಿಲಲ್ಲಿ ಪೂಜಿತಾ ನಿಂತಿದ್ದಳು. ಅವಳಿಗೆ ಹೆದರಿಕೆ ಯಾವುದರದ್ದು ಅಂತ ಈಗ ತಿಳಿಯಿತು. ಒಂದು ದಿನ ಈ ಮಗು ಎಚ್ಚರವಾಗಿ ನೋಡುವುದು ಏನನ್ನೋ ಅಂತ.

"ನೀವು ಮಾಡಿದ್ದು ಸರಿಯಾ?" ಅಂತ ನಮ್ಮವರನ್ನು ಕೇಳಿದೆ. ಸ್ವರ ಏರಲಿಲ್ಲ.

"ನನಗೂ ವಯಸ್ಸಾಯ್ತು ದಮಯಂತಿ. ರಾತ್ರಿಯಿಡೀ ಕಾಯಲಿಕ್ಕೆ ಆಗ್ತಾ ಇರಲಿಲ್ಲ," ಅಂದರು. ಅವರ ಕಣ್ಣು ತುಂಬಿತ್ತು. ಆ ಮನುಷ್ಯನನ್ನು ಬೈಯಲಿಕ್ಕೆ ನನಗೆ ಯಾವ ಬಾಯಿ ಉಂಟು?

ಪೂಜಿತಾಳ ಹತ್ತಿರ ಹೋದೆ. "ಹೋಗು ಮಗಳೇ. ಮಗುವನ್ನು ಕರ್ಕೊಂಡು ಹೋಗು. ಇವಳು ಹೊಟ್ಟೆ ತುಂಬ ನಿದ್ದೆ ಮಾಡಲಿ. ನಾನು ಅಡ್ಡ ಬರುವುದಿಲ್ಲ," ಅಂದೆ. ಹೇಳುವಾಗ ನನ್ನ ಕರುಳೇ ಕಿತ್ತುಬಂದ ಹಾಗಾಯ್ತು, ಸುಳ್ಳು ಯಾಕೆ ಹೇಳಲಿ?

ಅವಳು ಕೈ ಒರೆಸಿಕೊಂಡು ನಿಂತಳು. ಆಮೇಲೆ ಹೇಳಿದಳು, "ನೀವೂ ಬನ್ನಿ ಅತ್ತೆ. ಅಲ್ಲಿ ಮಳೆ ಇಷ್ಟು ಇಲ್ಲ. ನಡುನಡುವೆ ಬಿಸಿಲು ಬಿಡ್ತದೆ. ಕಾಯುವುದು ದೊಡ್ಡವರ ಕೆಲಸ, ನಾನು ಕಾಯ್ತೇನೆ."

"ಅತ್ತೆ ಆಟಿ ಕೂರಲಿಕ್ಕೆ ಸೊಸೆಯ ತವರಿಗೆ ಹೋಗುವುದಾ? ಊರು ನಗ್ತದೆ ಮಾರಾಯ್ತಿ!"

"ನಗಲಿ. ಮಾವ ಒಂದು ಕಟ್ಟು ಹುಟ್ಟಿಸಿದರು. ನಾವು ಇನ್ನೊಂದು ಹುಟ್ಟಿಸುವ."

ಹೋದೆ. ಊರು ನಕ್ಕಿತು. ನನ್ನ ಬೀಗಿತ್ತಿ ಯಮುನ ಬಾಗಿಲಲ್ಲೇ ನಿಂತು, "ಓಹೋ, ಹೊಸ ಮದುಮಗಳು ಬಂದಳು," ಅಂತ ಕುಂಕುಮ ಇಟ್ಟು ಒಳಗೆ ಕರೆದಳು. ಹೋದ ಮಾತ್ರಕ್ಕೆ ಎಲ್ಲ ಸರಿಯಾಯಿತು ಅಂತ ಹೇಳಿದರೆ ನಾಲಿಗೆ ಉದುರೀತು. ಮೊದಮೊದಲು ಅಲ್ಲಿಯೂ ಮೈ ಏಳುತ್ತಿರಲಿಲ್ಲ. ಮಾತ್ರೆಯಿಂದ ಬಾಯಿ ಒಣಗಿತು ಅಂತ ಡಾಕ್ಟ್ರಿಗೆ ಫೋನ್ ಮಾಡಿ ಜೋರು ಮಾಡಿದೆ. ಒಂದು ದಿನ ಸಂಜೆ ಮತ್ತೆ ಆ ಹಳೆಯ ಯೋಚನೆ ಬಂತು, ಏಳುವ ಕೆಲಸವೇ ಬೇಡ ಅನ್ನುವುದು. ಡಾಕ್ಟ್ರಿಗೆ ಮಾತು ಕೊಟ್ಟಿದ್ದೆನಲ್ಲ. ಮೀನು ತೊಳೆಯುತ್ತಿದ್ದ ಪೂಜಿತಾಳ ಹತ್ತಿರ ಹೋಗಿ, "ಮಗಳೇ, ನನಗೆ ಆ ಯೋಚನೆ ಬರ್ತಾ ಉಂಟು," ಅಂದೆ. ಅವಳು ಗಾಬರಿಯಾದಳು, ತೋರಿಸಲಿಲ್ಲ. ಕೈ ತೊಳೆದು ಡಾಕ್ಟ್ರಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟಳು, ಮಾತು ಮುಗಿಯುವವರೆಗೆ ಪಕ್ಕದಲ್ಲೇ ಕೂತಳು. ಆಮೇಲೆ ಇಬ್ಬರೂ ಸೇರಿ ಮೀನು ತೊಳೆದೆವು. ನಿಧಾನಕ್ಕೆ, ಯಾವತ್ತಿನಿಂದ ಅಂತ ಹೇಳಲಿಕ್ಕೆ ಆಗುವುದಿಲ್ಲ, ಬೆಳಿಗ್ಗೆ ಕಾಲು ನೆಲಕ್ಕೆ ಇಡುವುದು ಸಲೀಸಾಯಿತು.

ಬಾಡಿಗೆ ಮನೆಯ ಮಾತನ್ನು ಪೂಜಿತಾ ಮತ್ತೆ ಎತ್ತಲಿಲ್ಲ. ಆಟಿ ಮುಗಿಯುವ ಹೊತ್ತಿಗೆ, "ಕೈಲ್ ಮುಹೂರ್ತಕ್ಕೆ ಮನೆ ಸಾರಿಸಬೇಕಲ್ಲಾ ಅತ್ತೆ, ಮುಂದಿನ ವಾರ ಹೊರಡುವುದಾ?" ಅಂತ ಕೇಳಿದಳು. ನಾನು ಏನೂ ಆಗದವಳ ಹಾಗೆ ಹ್ಞೂಂ ಅಂದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಈಗ ಮತ್ತೆ ಮಳೆ ಹಿಡಿದಿದೆ. ಈ ಸಲ ಮೊದಲೇ ಮಡಿಕೇರಿಗೆ ಹೋಗಿ ಬಂದಿದ್ದೇನೆ. ಕೋವಿಯನ್ನು ನಾನೇ ಕಂಬಳಿ ಸುತ್ತಿಸಿ ಕಳಿಸಿದೆ. ಯಾಕಜ್ಜಿ ಅಂತ ಮೋಕ್ಷಿತಾ ಕೇಳಿದಳು. "ಮಳೆಗಾಲದಲ್ಲಿ ಅಜ್ಜಿಗೆ ಹುಷಾರಿರುವುದಿಲ್ಲ, ಅದಕ್ಕೆ," ಅಂದೆ. ಹಿರಿಯರ ಹೆಸರು ಹೇಳಲಿಲ್ಲ.

ಮೋಕ್ಷಿತಾ ಈಗಲೂ ಒಂದೊಂದು ದಿನ ನನ್ನ ಹತ್ತಿರ ಮಲಗ್ತಾಳೆ, ಅವಳ ಖುಷಿಗೆ. ಸೆರಗು ಕಟ್ಟಿಕೊಳ್ಳಲಿಕ್ಕೆ ನಾನು ಬಿಡುವುದಿಲ್ಲ. ಬೆಳಿಗ್ಗೆ ಬೆಳಕು ಹರಿಯುವಾಗ ಏಳ್ತೇನೆ. ಎದ್ದ ಕೂಡಲೇ ಬಾಗಿಲ ಹತ್ತಿರ ನಿಂತು ಅಡಿಗೆ ಮನೆಯ ಕಡೆ ನಾನೇ ಕೂಗಿ ಹೇಳ್ತೇನೆ, "ಪೂಜಿತಾ, ನಾನು ಎದ್ದೆ!"

"ಕೇಳಿತು ಅತ್ತೆ. ಕಾಫಿ ಜಗಲಿಗೆ ತರ್ತೇನೆ," ಅಂತಾಳೆ ಅವಳು.

ಹಿಂದೆ ತಿರುಗಿ ನೋಡ್ತೇನೆ. ನಾನು ಇಷ್ಟು ಜೋರಾಗಿ ಕೂಗಿದರೂ ಮಗು ಬಾಯಿ ತೆರೆದುಕೊಂಡು ಗಾಢ ನಿದ್ದೆಯಲ್ಲಿರ್ತದೆ.